‘ಬಾ’ ಯಾರಿಗೆ, ‘ಬನ್ನಿ’ ಯಾರಿಗೆ

ಹಿರಿಯರೇ, ಗೆಳತಿಯರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ನಾನು ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟೂರು ಕುಂದಾಪುರದ ಹತ್ತಿರ. ನಮಗೇ ತಿಳಿಯದೆ ನಮ್ಮೊಳಗೆ ಕುಳಿತಿರುವ ಪೂರ್ವಗ್ರಹಗಳ ಬಗ್ಗೆ ಮಾತನಾಡಿ ಎಂದು ಸಂಘದವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಪಾಲಕರ ಸಭೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಏಳನೇ ಕ್ಲಾಸು. ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಮೊದಲು ಬಂದವರು ಹೋಟೆಲೊಂದರ ಮ್ಯಾನೇಜರರ ಹೆಂಡತಿ, ನಮ್ಮ ಕಡೆಯವರೇ. ನಾನು ಎದ್ದು ‘ಬನ್ನಿ ಬನ್ನಿ, ಕೂತ್ಕೊಳ್ಳಿ’ ಎಂದು ಕುರ್ಚಿ ಸರಿಸಿದೆ. ಅವರ ಹಿಂದೆಯೇ ಇನ್ನೊಬ್ಬ ತಾಯಿ. ಕಲಬುರಗಿ ಕಡೆಯ ಹಳ್ಳಿಯವರು. ಬೆಳಿಗ್ಗೆ ಕೂಲಿಯವರು ಕೆಲಸಕ್ಕಾಗಿ ಕಾಯುವ ನಾಕಾದಲ್ಲಿ ನಿಂತು, ಕರೆದ ಕಡೆ ಕಟ್ಟಡದ ಕೆಲಸಕ್ಕೆ ಹೋಗುವವರು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಸೆರಗಿನ ಅಂಚಿನಲ್ಲಿ ಸಿಮೆಂಟು ಒಣಗಿ ಗಟ್ಟಿಯಾಗಿತ್ತು. ‘ಶರಣ್ರೀ ಅಕ್ಕೋರ’ ಎಂದರು. ನಾನು ರಿಜಿಸ್ಟರಿನಿಂದ ತಲೆ ಎತ್ತದೆ ‘ಹಾಂ, ಬಾ. ನಿನ್ನ ಮಗಳು ಯಾರು?’ ಎಂದೆ. ‘ನಮ್ಮ ಹುಡುಗಿ ಹ್ಯಾಂಗ ಓದ್ತಾಳ್ರೀ?’ ಎಂದು ಅವರು ನಿಂತೇ ಕೇಳಿದರು. ಕೂರಲಿಲ್ಲ, ನಾನು ಕೂರಿಸಲೂ ಇಲ್ಲ.

ಮರುದಿನ ಊಟದ ಬಿಡುವಿನಲ್ಲಿ ಆ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಗಣಿತದಲ್ಲಿ ಸಂಶಯ ಕೇಳುವ ಹಾಗೆ ಕೇಳಿದಳು: ‘ಟೀಚರ್, ನೀವು ಅವರವ್ವಗ ಬನ್ನಿ ಅಂದ್ರಿ. ನಮ್ಮವ್ವಗ ಬಾ ಅಂದ್ರಿ. ಯಾಕ್ರೀ?’

ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಮನಸ್ಸು ಮಾತ್ರ ಒಳಗೊಳಗೇ ವಾದ ಹೂಡಿತು. ನಾನು ಭೇದಭಾವ ಮಾಡುವವಳಲ್ಲ, ಇದೇ ಮಕ್ಕಳಿಗೆ ಪುಸ್ತಕ ಕೊಡಿಸಿದ್ದೇನೆ, ಜ್ವರ ಬಂದಾಗ ದವಾಖಾನೆಗೆ ಕರೆದುಕೊಂಡು ಹೋಗಿದ್ದೇನೆ. ಅದೆಲ್ಲ ನಿಜ. ‘ಬಾ’ ಎಂದದ್ದೂ ನಿಜ. ಮನಸ್ಸನ್ನು ಕೇಳಿದರೆ ಅದು ಯಾವತ್ತೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಒಂದೇ ಮಾತು: ಮನಸ್ಸನ್ನು ಕೇಳುವುದು ಬಿಟ್ಟು, ನಮ್ಮ ಬಾಯಿ ಆಡಿದ್ದನ್ನೂ ಕೈ ಮಾಡಿದ್ದನ್ನೂ ಲೆಕ್ಕ ಹಾಕಿ ನೋಡೋಣ.

ಈ ಲೆಕ್ಕಕ್ಕೆ ನಮ್ಮ ಕನ್ನಡವೇ ಒಳ್ಳೆಯ ಖಾತೆಪುಸ್ತಕ. ‘ಡಾಕ್ಟರು ಬಂದರು, ಕೆಲಸದವಳು ಬಂದಳು. ಸೆಕ್ರೆಟರಿ ಹೇಳಿದರು, ವಾಚ್‌ಮನ್ ಹೇಳಿದ.’ ಕ್ರಿಯಾಪದ ಮುಗಿಯುವಷ್ಟರಲ್ಲಿ ಆ ಮನುಷ್ಯರನ್ನು ಎಲ್ಲಿ ಕೂರಿಸಬೇಕೆಂದು ನಾವು ತೀರ್ಮಾನಿಸಿ ಆಗಿರುತ್ತದೆ. ವಯಸ್ಸಿಗೆ ಮರ್ಯಾದೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವಲ್ಲ? ಹಾಗಿದ್ದರೆ ಅರವತ್ತು ದಾಟಿದ ವಾಚ್‌ಮನ್ ‘ಹೇಳಿದ’ ಆಗಿ, ಇಪ್ಪತ್ತೈದರ ಬ್ಯಾಂಕ್ ಅಧಿಕಾರಿ ‘ಹೇಳಿದರು’ ಆಗುವುದು ಹೇಗೆ? ದಿನಕ್ಕೆ ನೂರು ಸಲ ಈ ತೀರ್ಪು ಕೊಡುತ್ತೇವೆ, ಒಂದು ಸಲವೂ ಯೋಚಿಸಿ ಕೊಟ್ಟದ್ದಲ್ಲ.

ಇದರ ಜೊತೆಗೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಘಟ್ಟದ ಮೇಲಿನವರ ಮಾತು ಒರಟು ಎಂಬುದನ್ನು ಕೇಳುತ್ತಲೇ ನಾನು ಬೆಳೆದವಳು, ಹಾಗೆಂದೇ ನಂಬಿದ್ದೆ. ಆ ತಾಯಿಯ ಮಾತುಗಳನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡೆ. ಒಂದೊಂದು ವಾಕ್ಯಕ್ಕೂ ‘ರೀ’. ಆ ಕಡೆಯವರು ತರಕಾರಿ ಮಾರುವವರಿಗೂ ಬಸ್ಸಿನ ಕಂಡಕ್ಟರಿಗೂ ‘ರೀ’ ಹಚ್ಚುತ್ತಾರೆ. ಆ ಕೋಣೆಯಲ್ಲಿ ಆ ದಿನ ಒರಟಾಗಿ ಮಾತನಾಡಿದವಳು ಒಬ್ಬಳೇ.

ಆ ವಾರ ತಿದ್ದಿಟ್ಟಿದ್ದ ಕನ್ನಡ ಪತ್ರಿಕೆಗಳ ಕಟ್ಟನ್ನು ಮತ್ತೆ ಬಿಚ್ಚಿದೆ. ಪ್ರಬಂಧದ ವಿಷಯ ‘ನಮ್ಮೂರ ಜಾತ್ರೆ’, ಹತ್ತು ಅಂಕ. ಹುಡುಗಿ ತೇರಿನ ಹಗ್ಗ ಅಂಗೈ ಸುಟ್ಟದ್ದನ್ನು ಬರೆದಿದ್ದಳು, ಬೆಂಡು ಬತ್ತಾಸಿನ ಅಂಗಡಿ, ಕಳೆದುಹೋದ ತಮ್ಮ, ಎಲ್ಲ ಇತ್ತು. ‘ಎಳಿಲಿಕತ್ತಿದ್ರು’ ಎಂಬ ಕಡೆ ನನ್ನ ಕೆಂಪು ಶಾಯಿಯ ಸುತ್ತು. ಅಂಥವು ನಾಲ್ಕು ಸುತ್ತು, ಕೊಟ್ಟ ಅಂಕ ಐದು. ಮ್ಯಾನೇಜರರ ಮಗ ನಮ್ಮ ಕಡೆಯ ಆಡುಮಾತಿನಲ್ಲಿ ‘ನಮಗೆ ಬೆಳಿಗ್ಗೆ ಬೇಗ ಹೋಗಲಿಕ್ಕೆ ಉಂಟು’ ಎಂದು ಬರೆದಿದ್ದ. ಅದರ ಸುತ್ತ ಗೆರೆಯೇ ಇಲ್ಲ. ಅವನಿಗೆ ಏಳು. ಎರಡೂ ಆಡುಮಾತೇ, ಒಂದು ನನ್ನ ಅಜ್ಜಿಯದು, ಇನ್ನೊಂದು ಅವಳ ಅಜ್ಜಿಯದು.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು 1920ರಲ್ಲೇ ಗುರುತಿಸಿದ್ದರು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಗುಣ ಇವಕ್ಕೆಲ್ಲ ಬೇರೆ ಬೇರೆ ಅಂಕ ಕೊಡಬೇಕಿತ್ತು. ನೋಡಿದರೆ ಒಂದರಲ್ಲಿ ಹೆಚ್ಚು ಪಡೆದವನಿಗೆ ಎಲ್ಲದರಲ್ಲೂ ಹೆಚ್ಚು. ಒಂದು ಗುಣ ಕಣ್ಣಿಗೆ ಹಿಡಿಸಿದರೆ ಅದರ ಬೆಳಕು ಉಳಿದವುಗಳ ಮೇಲೂ ಬೀಳುತ್ತದೆ. ಬೆಳಕಿನಂತೆ ಮಬ್ಬೂ ಬೀಳುತ್ತದೆ. ಸೆರಗಿನ ಸಿಮೆಂಟು ಮಗಳ ಪ್ರಬಂಧದ ಮೇಲೆ ಬಿದ್ದಿತ್ತು.

ಆಮೇಲೆ ನಾನು ಎರಡು ರೂಢಿ ಮಾಡಿಕೊಂಡೆ. ಪತ್ರಿಕೆಯ ಹೆಸರಿರುವ ಮೂಲೆಯನ್ನು ಮೊದಲೇ ಮಡಚಿಬಿಡುವುದು. ಒಬ್ಬರ ಪತ್ರಿಕೆ ಪೂರ್ತಿ ನೋಡುವ ಬದಲು ಎಲ್ಲರ ಮೊದಲ ಉತ್ತರ, ಆಮೇಲೆ ಎಲ್ಲರ ಎರಡನೆಯದು, ಹೀಗೆ ತಿದ್ದುವುದು. ಕೆಲವರ ಅಂಕ ಏರಿತು, ಕೆಲವರದು ಇಳಿಯಿತು. ಇಳಿದವರಲ್ಲಿ ನನ್ನ ಮೆಚ್ಚಿನವರೇ ಇದ್ದರು. ಅಕ್ಷರ ನೋಡಿ ಯಾರದೆಂದು ಗೊತ್ತಾಗುತ್ತಿತ್ತು, ಹಾಗಾಗಿ ಇದು ಪೂರ್ತಿ ಮದ್ದಲ್ಲ. ಆದರೂ ಮೂಲೆ ಮಡಚುವಾಗ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆ ಒಂದು ಕ್ಷಣ ಬಹಳ ದೊಡ್ಡದು.

ಇದು ಐದು, ಏಳು ಅಂಕದ ಪ್ರಶ್ನೆ ಮಾತ್ರ ಎಂದುಕೊಳ್ಳಬೇಡಿ. ಉತ್ತರಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಒಂದು ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರು. ಕಾಗದದ ಮೇಲಿನ ಚಕ್ರವ್ಯೂಹದಂಥ ಒಗಟುಗಳನ್ನು ಬಿಡಿಸಬೇಕು. ಜಾತಿಯ ಸುದ್ದಿ ಎತ್ತದಿದ್ದಾಗ ಎರಡೂ ಗುಂಪಿನವರು ಸರಿಸಮವಾಗಿ ಬಿಡಿಸಿದರು. ಒಬ್ಬೊಬ್ಬ ಹುಡುಗನ ಹೆಸರು, ಅಪ್ಪ ಅಜ್ಜನ ಹೆಸರು, ಜಾತಿ ಎಲ್ಲರೆದುರು ಹೇಳಿಸಿ ಅದೇ ಒಗಟು ಕೊಟ್ಟಾಗ ಕೆಳಜಾತಿಯ ಹುಡುಗರ ಕೈ ಹಿಂದೆ ಬಿತ್ತು. ಮೂವತ್ತು ಮಕ್ಕಳ ಎದುರು ನಾನು ಆ ತಾಯಿಗೆ ‘ಬಾ’ ಎಂದಾಗ ನನ್ನ ಹುಡುಗಿಯ ಕೈಗೆ ಏನಾಗಿತ್ತೋ ಎಂದು ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಮಕ್ಕಳು ಓದಿ ಮುಂದೆ ಬಂದರೂ ಹೆಸರು ಬೆನ್ನು ಬಿಡುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ ಅಧ್ಯಯನ 2007ರದು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪೆನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆಯ ಎದುರು ದಲಿತ ಹೆಸರಿಗೆ ಇದ್ದದ್ದು ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು. ಆ ಅರ್ಜಿಗಳನ್ನು ಬದಿಗಿಟ್ಟವರನ್ನು ಕೇಳಿದ್ದರೆ ‘ನಾವು ಅರ್ಹತೆ ಮಾತ್ರ ನೋಡುತ್ತೇವೆ’ ಎಂದೇ ಹೇಳುತ್ತಿದ್ದರು. ಬಹಳಷ್ಟು ಮಂದಿ ಹಾಗೆಂದು ನಂಬಿಯೂ ಇದ್ದಿರಬೇಕು.

ಮನಸ್ಸಿನ ಈ ಮರೆಯನ್ನೇ ಅಳೆಯಲು ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದನ್ನು ಅವರೊಂದಿಗೆ ಬೆಳೆಸಿದವರು ಮಹಜರೀನ್ ಬಾನಾಜಿ, ಸಿಕಂದರಾಬಾದಿನ ಪಾರ್ಸಿ ಮನೆಯಲ್ಲಿ ಹುಟ್ಟಿದವರು. ಕಂಪ್ಯೂಟರಿನಲ್ಲಿ ಮುಖಗಳು, ಪದಗಳು ಬರುತ್ತವೆ. ಎಡಗೀಲಿ ಬಲಗೀಲಿ ಒತ್ತಿ ಬೇಗ ಬೇಗ ವಿಂಗಡಿಸಬೇಕು. ಯಾವ ಮುಖವನ್ನು ಒಳ್ಳೆಯ ಪದಗಳ ಜೊತೆ ಸೇರಿಸುವಾಗ ಬೆರಳು ತಡವರಿಸುತ್ತದೆ ಎಂಬುದೇ ಲೆಕ್ಕ. ಬಾನಾಜಿಯವರು ಸ್ವತಃ ಪರೀಕ್ಷೆಗೆ ಕುಳಿತಾಗ ಅವರ ಬೆರಳೂ ತಡವರಿಸಿತು. ಅದನ್ನು ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಆದರೆ ಈ ಪರೀಕ್ಷೆಯನ್ನು ಜ್ವರ ಅಳೆಯುವ ಥರ್ಮಾಮೀಟರ್ ಎಂದುಕೊಳ್ಳಬಾರದು. ಒಬ್ಬರೇ ಎರಡು ದಿನ ಕುಳಿತರೆ ಎರಡು ಬಗೆಯ ಫಲಿತಾಂಶ ಬರಬಹುದು. ಈ ಒಳಮನಸ್ಸಿನ ಒಲವನ್ನು ತಗ್ಗಿಸಲು ಒಂಬತ್ತು ಉಪಾಯಗಳನ್ನು ಸಾವಿರಾರು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ಆ ಕ್ಷಣಕ್ಕೆ ಒಂಬತ್ತೂ ಕೆಲಸ ಮಾಡಿದವು. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಆ ಪರಿಣಾಮ ಕರಗಿಹೋಯಿತು. ಒಂದು ತಾಸು ಮನಸ್ಸಿಗೆ ಬುದ್ಧಿ ಹೇಳಿದರೆ ಅದು ಬದಲಾಗುವುದಿಲ್ಲ. ಮೂಲೆ ಮಡಚುವಂಥ ರೂಢಿ ನಾಳೆಯೂ ನಾಡಿದ್ದೂ ಉಳಿಯುತ್ತದೆ, ಮನಸ್ಸು ಬದಲಾದರೂ ಆಗದಿದ್ದರೂ.

ಇಲ್ಲಿರುವ ಹಿರಿಯರಿಗೆ 1960ರ ದಶಕದ ಕೊನೆ ನೆನಪಿರಬಹುದು. ದಕ್ಷಿಣದವರನ್ನು ಓಡಿಸಿ ಎನ್ನುವ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಎಂಬ ಕೂಗು ಈ ಊರಿನ ಬೀದಿಗಳಲ್ಲಿ ಎದ್ದಾಗ ನಮ್ಮವರ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಉಡುಪಿಯವರೋ ಪಾಲಕ್ಕಾಡಿನವರೋ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ‘ಮದ್ರಾಸಿ’. ಆ ಹೆಸರು ನಮ್ಮ ಹಿರಿಯರಿಗೆ ಎಷ್ಟು ಚುಚ್ಚುತ್ತಿತ್ತು ಎಂಬುದನ್ನು ನನ್ನ ಮಾವನವರ ಬಾಯಲ್ಲೇ ಕೇಳಿದ್ದೇನೆ. ಅದೇ ಮಾವನವರು ಹಾಲು ಹಾಕುವವರನ್ನೂ ರಿಕ್ಷಾ ಓಡಿಸುವವರನ್ನೂ ‘ಈ ಭಯ್ಯಾಗಳು’ ಎಂದು ಒಂದೇ ಗಂಟಿಗೆ ಕಟ್ಟುತ್ತಿದ್ದರು. ಬಿಹಾರವೋ ಉತ್ತರಪ್ರದೇಶವೋ, ಅವರೂ ಕೇಳಲಿಲ್ಲ. ನೋವು ಉಂಡವರು ಇನ್ನೊಬ್ಬರಿಗೆ ನೋವು ಕೊಡುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ನಂಬುವುದಿಲ್ಲ.

ನಿವೃತ್ತಿಯಾದ ಮೇಲೆ ನಮ್ಮ ಸೊಸೈಟಿಯ ಕಮಿಟಿಯಲ್ಲಿ ಎರಡು ವರ್ಷ ಇದ್ದೆ. ಗೇಟಿನಲ್ಲಿ ಒಂದು ಪುಸ್ತಕ ಇರುತ್ತದಲ್ಲ, ಹೊರಗಿನವರು ಬಂದರೆ ಹೆಸರು, ಫೋನು, ಸಮಯ ಬರೆಯುವುದು. ‘ಎಲ್ಲರೂ ಬರೆಯಬೇಕು’ ಎಂಬುದು ನಮ್ಮದೇ ನಿಯಮ. ಒಂದು ತಿಂಗಳ ಪುಟಗಳನ್ನು ಕೂತು ತಿರುವಿದೆ. ಪಾರ್ಸೆಲ್ ತರುವ ಹುಡುಗರು, ಪ್ಲಂಬರ್, ಮನೆಗೆಲಸದ ಹೆಂಗಸರು, ಇಸ್ತ್ರಿಯವರು. ಕಾರಿನಲ್ಲಿ ಬಂದ ಒಬ್ಬರ ಹೆಸರೂ ಇರಲಿಲ್ಲ. ದೀಪಾವಳಿಗೆ ಬಂದು ಹೋದ ನನ್ನ ತಮ್ಮನದೂ ಇರಲಿಲ್ಲ. ವಾಚ್‌ಮನ್‌ರನ್ನು ಬೈಯಲು ನಮಗೆ ಬಾಯಿ ಎಲ್ಲಿತ್ತು? ಕಾರು ನಿಲ್ಲಿಸಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಅವರಿಗೆ ಕಲಿಸಿದವರು ನಾವೇ. ಆ ಪುಟಗಳನ್ನು ಕಮಿಟಿಯ ಮುಂದೆ ಇಟ್ಟೆ. ದೊಡ್ಡ ಜಗಳವೇ ಆಯಿತು. ಕೊನೆಗೆ ಕಾರಿನವರೂ ಬರೆಯುವುದೆಂದು ಠರಾವಾಯಿತು. ಈಗಲೂ ಕೆಲವರು ಬರೆಯುವುದಿಲ್ಲ.

ಇನ್ನೊಂದೇ ಮಾತು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುವ ಹೆಂಗಸೊಬ್ಬರು ಇದ್ದಾರೆ. ಸೋಲಾಪುರದ ಕಡೆಯವರು, ನಾವು ಮಾತನಾಡುವುದು ಮರಾಠಿಯಲ್ಲಿ. ಅಲ್ಲೂ ‘ನೀನು’ ಎನ್ನಲು ‘ತೂ’ ಇದೆ, ‘ನೀವು’ ಎನ್ನಲು ‘ತುಮ್ಹೀ’ ಇದೆ. ಹೋದ ವರ್ಷ ಒಂದು ದಿನ ನಾನು ‘ತುಮ್ಹೀ’ ಎಂದೆ. ಅವರ ಕೈಯಲ್ಲಿದ್ದ ಪಾತ್ರೆ ನಿಂತಿತು. ನನ್ನ ಕಡೆ ತಿರುಗಿ, ‘ನನ್ನಿಂದ ಏನಾದರೂ ತಪ್ಪಾಯಿತಾ? ಕೆಲಸ ಬಿಡಿಸುತ್ತೀರಾ?’ ಎಂದು ಕೇಳಿದರು. ಇಷ್ಟು ವರ್ಷದ ಮೇಲೆ ಬಂದ ಮರ್ಯಾದೆ ಅವರಿಗೆ ಹೆದರಿಕೆಯಾಗಿ ಕೇಳಿಸಿತು. ಆ ಹೆದರಿಕೆ ಹೋಗಲು ಎರಡು ತಿಂಗಳು ಹಿಡಿಯಿತು.

ಅವರು ಚಹಾ ಕುಡಿಯುವ ಸ್ಟೀಲ್ ಲೋಟ ಸಿಂಕಿನ ಪಕ್ಕದ ಕಿಟಕಿಯಲ್ಲಿ ಬೋರಲಾಗಿ ಇರುತ್ತಿತ್ತು. ಅದನ್ನು ಅಲ್ಲಿ ಇಟ್ಟವಳು ನಾನೇ. ಯಾವಾಗ, ಏಕೆ ಇಟ್ಟೆ ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಕಳೆದ ತಿಂಗಳು ಅದನ್ನು ತೊಳೆದು ನಮ್ಮ ಲೋಟಗಳ ಜೊತೆ ಶೆಲ್ಫಿನಲ್ಲಿ ಇಟ್ಟೆ. ಮರುದಿನ ಅವರು ಕಿಟಕಿಯಲ್ಲಿ ಹುಡುಕಿದರು, ಆಮೇಲೆ ಶೆಲ್ಫಿನ ಕಡೆ ನೋಡಿದರು, ಏನೂ ಹೇಳದೆ ಅದೇ ಲೋಟವನ್ನು ಆರಿಸಿ ತೆಗೆದುಕೊಂಡರು. ಈಗಲೂ ಅದನ್ನೇ ಆರಿಸಿ ತೆಗೆದುಕೊಳ್ಳುತ್ತಾರೆ.