ಅಡಚಣೆ ಎಲ್ಲಿದೆಯೆಂದು ಮೊದಲು ನೋಡೋಣ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭೆಯಲ್ಲಿ ನೆರೆದಿರುವ ಬಂಧುಗಳೇ,

ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ಮೂರು ವಿಷಯಗಳನ್ನು ಅಚ್ಚು ಹಾಕಿಸಿದ್ದಾರೆ: ಮನೆಯ ಕಂಪ್ಯೂಟರಿನ ಅಪ್‌ಗ್ರೇಡ್, ಮನಸ್ಸಿಗೆ ಹಿತವಾಗುವ ತಿನಿಸು, ಶಾಲೆಯ ಮಧ್ಯಾಹ್ನದ ಊಟ. ಮೂವರು ಉಪನ್ಯಾಸಕರನ್ನು ಕರೆಸುವ ಖರ್ಚನ್ನು ಸಂಘಟಕರು ಒಬ್ಬನಲ್ಲೇ ತೀರಿಸಿಕೊಂಡಿದ್ದಾರೆ ಎಂದು ನೀವು ಭಾವಿಸಿದರೆ ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಮೂರು ಸಂಗತಿಗಳ ಬಗ್ಗೆಯೂ ನನ್ನದು ಒಂದೇ ತಕರಾರು. ಯಾವುದಾದರೂ ಒಂದು ವ್ಯವಸ್ಥೆ ಸರಿಯಾಗಿ ನಡೆಯದಿದ್ದಾಗ, ಅದು ಯಾವ ಜಾಗದಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವ ಮೊದಲೇ ನಾವು ಕಣ್ಣಿಗೆ ಎದ್ದು ಕಾಣುವ ಭಾಗವನ್ನು ಬದಲಾಯಿಸಲು ಹೊರಡುತ್ತೇವೆ. ಅನಂತರ ಏನಾದರೂ ಸುಧಾರಿಸಿದರೆ ಅದರ ಕೀರ್ತಿಯನ್ನು ಯಾವುದಕ್ಕೋ ಕಟ್ಟಿಬಿಡುತ್ತೇವೆ.

ಕಂಪ್ಯೂಟರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಈ ಮಾತನ್ನು ಅಳೆದು ತೋರಿಸಬಹುದು.

ನನಗೆ ಹತ್ತಿರದವರಾದ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಇದ್ದಾರೆ. ಅವರು ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ ಸ್ನಾನಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು. "ನನ್ನ ಸ್ನಾನ ಮುಗಿದರೂ ಇದರ ಸ್ನಾನ ಮುಗಿದಿರುವುದಿಲ್ಲವಲ್ಲಪ್ಪ" ಎಂದು ನನ್ನಲ್ಲಿ ಹೇಳಿಕೊಂಡರು. ಲೆಕ್ಕ ಮಾಡುವ ಚಿಪ್ ಆದ ಪ್ರೊಸೆಸರ್ ಹಳೆಯದಾಗಿದೆ, ಇಡೀ ಯಂತ್ರವನ್ನೇ ಬದಲಾಯಿಸಬೇಕು ಎಂದು ಅವರ ಮಗ ತೀರ್ಪು ಕೊಟ್ಟಾಗಿತ್ತು. ನಾನು ಹೋಗಿ ಕುಳಿತೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ ಎಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅದರಲ್ಲಿ ಪ್ರೊಸೆಸರಿನ ಅಂಕಣ ಶೇಕಡಾ ಹತ್ತನ್ನೂ ಮುಟ್ಟಿರಲಿಲ್ಲ. ಕಡತಗಳನ್ನೆಲ್ಲ ಶೇಖರಿಸಿಡುವ ಡಿಸ್ಕ್‌ನ ಅಂಕಣ ಮಾತ್ರ ಕೆಂಪೇರಿ, 100ರಲ್ಲಿ ನಿಂತು ಕೆಳಗಿಳಿಯುತ್ತಲೇ ಇರಲಿಲ್ಲ. ಪೆಟ್ಟಿಗೆಯ ಮುಂಭಾಗದ ಪುಟ್ಟ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯುತ್ತಿತ್ತು, ಒಳಗಿನಿಂದ ಕರಕರ ಸದ್ದು ಕೇಳುತ್ತಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನಮ್ಮ ಪ್ರೊಸೆಸರ್ ಕೆಲಸ ಮಾಡಲಾರದೆ ಸೋತಿಲ್ಲ, ಕೆಲಸ ಸಿಗದೆ ಕಾಯುತ್ತಾ ಕೂತಿದೆ" ಎಂದರು. ಮಗ ಆ ಹೊತ್ತಿಗೆ ಫೋನ್ ಬಂತೆಂದು ಎದ್ದು ಹೊರಗೆ ಹೋದ.

ಅವರು ಗಣಿತದವರಾದ್ದರಿಂದ ಅಲ್ಲಿಗೆ ಬಿಡಲಿಲ್ಲ. ಕಾಗದ ತರಿಸಿ ಲೆಕ್ಕ ಹಾಕೋಣ ಎಂದರು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಇರುವ ಜಾಗ ಓದುವ ಹೆಡ್‌ನ ಕೆಳಗೆ ಬರಬೇಕಾದರೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಮೊದಲು ಹೆಡ್ ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಒಟ್ಟು 12 ಎಂದಿಟ್ಟುಕೊಳ್ಳಿ. ಅಂದರೆ ಅಲ್ಲೊಂದು ಇಲ್ಲೊಂದು ಚದುರಿಬಿದ್ದ ಚಿಕ್ಕ ಚಿಕ್ಕ ಕಡತಗಳನ್ನು ಓದುವಾಗ ಆ ಡಿಸ್ಕ್ ಸೆಕೆಂಡಿಗೆ 80ರಷ್ಟು ಬಾರಿ ಮಾತ್ರ ಉತ್ತರ ಕೊಡಬಲ್ಲದು. ಯಂತ್ರ ಆರಂಭವಾಗುವಾಗ ಸಾವಿರಾರು ಚಿಕ್ಕ ಕಡತಗಳನ್ನೇ ಓದಬೇಕಾಗುತ್ತದೆ. ಮೂರು ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಒಂದು ಉತ್ತರಕ್ಕಾಗಿ ಕಾಯುವ ಆ 12 ಮಿಲಿಸೆಕೆಂಡಿನಲ್ಲಿ ಅದರ ಗಡಿಯಾರ 3 ಕೋಟಿ 60 ಲಕ್ಷ ಸಲ ಮಿಡಿದಿರುತ್ತದೆ. ಮೇಷ್ಟ್ರು ಆ ಸೊನ್ನೆಗಳನ್ನು ಎರಡು ಬಾರಿ ಎಣಿಸಿ, ಇಷ್ಟು ಸೋಮಾರಿತನಕ್ಕೆ ತಾವು ವಿದ್ಯಾರ್ಥಿಗಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದಾಗಿ ಹೇಳಿದರು. ತಿರುಗುವ ತಟ್ಟೆಯೇ ಇಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಶೇಖರಿಸುವ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ಇದೇ ಉತ್ತರ ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬರುತ್ತದೆ.

ಇಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು, ಬೇಕಾದುದನ್ನು ಹುಡುಕಿ ಕೊಡಲು ತೆಗೆದುಕೊಳ್ಳುತ್ತಿದ್ದ ಸಮಯ ಸುಮಾರು 600 ಮಿಲಿಸೆಕೆಂಡ್. ಇಂದಿನ ಸಾಧಾರಣ ಒಂದು ಟೆರಾಬೈಟ್ ಡಿಸ್ಕ್ ಅದರ ಎರಡು ಲಕ್ಷ ಪಟ್ಟು ಹಿಡಿಯುತ್ತದೆ. ಹುಡುಕುವ ವೇಗ ಮಾತ್ರ ಹೆಚ್ಚಿದ್ದು ಬರೀ 50 ಪಟ್ಟು. ತಟ್ಟೆ ತಿರುಗಬೇಕು, ತೋಳು ಸರಿಯಬೇಕು ಎಂಬ ಭೌತಿಕ ನಿರ್ಬಂಧವನ್ನು ಯಾವ ಜಾಹೀರಾತೂ ಅಳಿಸಲಾರದು. ಜಾಹೀರಾತು ಹೇಳುತ್ತಿದ್ದುದೂ ಗಿಗಾಬೈಟ್‌ಗಳನ್ನೇ ಹೊರತು ಈ ಕಾಯುವಿಕೆಯನ್ನಲ್ಲ.

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಒಂದು ನಿಯಮವೇ ಇದೆ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಮುಂದಿಟ್ಟ ವಾದದಿಂದ ಹುಟ್ಟಿದ ಆ ನಿಯಮದ ಸಾರವನ್ನು ಅಂಕಿಗಳಲ್ಲಿ ಹೇಳಿಬಿಡುತ್ತೇನೆ. 100 ಸೆಕೆಂಡಿನ ಕೆಲಸದಲ್ಲಿ 80 ಸೆಕೆಂಡ್ ಡಿಸ್ಕಿಗಾಗಿ ಕಾಯುವುದರಲ್ಲೇ ಹೋಗುತ್ತಿದ್ದರೆ, ಎರಡರಷ್ಟು ವೇಗದ ಪ್ರೊಸೆಸರ್ ತಂದು ಕೂರಿಸಿದರೂ ಉಳಿತಾಯವಾಗುವುದು 10 ಸೆಕೆಂಡ್ ಮಾತ್ರ. ಪ್ರೊಸೆಸರಿನ ವೇಗವನ್ನು ಅನಂತಕ್ಕೆ ಏರಿಸಿದರೂ 80 ಸೆಕೆಂಡ್ ಕಾಯುವುದು ತಪ್ಪದು. ಅದೇ ಡಿಸ್ಕಿನ ಭಾಗವನ್ನು ಹತ್ತು ಪಟ್ಟು ವೇಗಗೊಳಿಸಿದರೆ ಇಡೀ ಕೆಲಸ 28 ಸೆಕೆಂಡಿಗೆ ಇಳಿಯುತ್ತದೆ. ಹಾಗಾಗಿ, ಅಡಚಣೆ ಎಲ್ಲಿದೆಯೆಂದು ಮೊದಲು ನೋಡೋಣ.

ಮೇಷ್ಟ್ರ ಕಥೆ ಇನ್ನೂ ಮುಗಿದಿಲ್ಲ. ಎಸ್‌ಎಸ್‌ಡಿ ತರಿಸಿದಾಗ ನಾನು, ಹೇಗೂ ಪೆಟ್ಟಿಗೆ ಬಿಚ್ಚುತ್ತೇವೆ, ಫ್ಯಾನಿನ ಧೂಳು ತೆಗೆದು, ಕೆಲಸದ ನಡುವೆ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿಯನ್ನು ಹೆಚ್ಚಿಸಿ, ವಿಂಡೋಸನ್ನೂ ಹೊಸದಾಗಿ ಹಾಕಿಬಿಡೋಣ ಎಂದೆ. ಅವರು ಒಪ್ಪಲಿಲ್ಲ. "ನಾಲ್ಕು ಚರಗಳನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಉತ್ತರ ಬಂತು ಅಂತ ಹೇಗೆ ಹೇಳುತ್ತೀರಿ?" ಎಂದು ಕೇಳಿದರು. ಆದ್ದರಿಂದ ಹಳೆಯ ಡಿಸ್ಕಿನಲ್ಲಿದ್ದುದನ್ನು ಇದ್ದ ಹಾಗೆಯೇ ಹೊಸದಕ್ಕೆ ನಕಲು ಮಾಡಿದೆವು. ಧೂಳನ್ನೂ ಸಹ ಅವರು ಆ ದಿನ ಮುಟ್ಟಗೊಡಲಿಲ್ಲ. ಮರುದಿನ ಫೋನ್ ಮಾಡಿ, ಸ್ನಾನಕ್ಕೆ ಟವೆಲ್ ಹುಡುಕುವಷ್ಟರಲ್ಲಿ ಯಂತ್ರ ಸಿದ್ಧವಾಗಿ ಕೂತಿರುತ್ತದೆ ಎಂದು ದೂರಿನ ಧಾಟಿಯಲ್ಲೇ ತಿಳಿಸಿದರು. ಧೂಳನ್ನು ಆ ವಾರಾಂತ್ಯದಲ್ಲಿ ತೆಗೆದೆವು. ಅದರಿಂದ ಫ್ಯಾನಿನ ಸದ್ದು ಕಡಿಮೆಯಾಯಿತೇ ಹೊರತು ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಪ್ರಸಂಗವನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಹೊಸ ಕಂಪ್ಯೂಟರ್ ಕೊಂಡವರು ಅದರ ವೇಗವನ್ನು ಹೊಗಳುವಾಗ, ಹಳೆಯದರಲ್ಲಿ ವರ್ಷಾನುಗಟ್ಟಲೆ ಸೇರಿಕೊಂಡಿದ್ದ, ಯಂತ್ರದೊಂದಿಗೆ ತಾವಾಗಿಯೇ ಎದ್ದು ಕೂರುವ ತಂತ್ರಾಂಶಗಳು ಹೊಸದರಲ್ಲಿ ಇನ್ನೂ ಬಂದಿಲ್ಲ ಎಂಬುದನ್ನು ಗಮನಿಸುವುದಿಲ್ಲ. ಶುಚಿಯಾದ ಡಿಸ್ಕಿಗೆ ಸಲ್ಲಬೇಕಾದ ಶ್ರೇಯಸ್ಸು ಪ್ರೊಸೆಸರಿಗೆ ಸಲ್ಲುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ತಿನಿಸಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹಾಗೆಂದು ಎಲ್ಲ ಯಂತ್ರಗಳಿಗೂ ಡಿಸ್ಕೇ ಅಡಚಣೆಯೆಂದು ನಾನು ಹೇಳುತ್ತಿಲ್ಲ. ಈಗಾಗಲೇ ಎಸ್‌ಎಸ್‌ಡಿ ಇದ್ದು, ಬ್ರೌಸರಿನಲ್ಲಿ ಇಪ್ಪತ್ತು ಪುಟಗಳನ್ನು ತೆರೆದೊಡನೆ ಯಂತ್ರ ತತ್ತರಿಸಿದರೆ, ಅದು ಮೆಮೊರಿ ಸಾಲದೆ ಮಾಹಿತಿಯನ್ನು ಡಿಸ್ಕಿಗೂ ಮೆಮೊರಿಗೂ ನಡುವೆ ಹೊತ್ತು ತಿರುಗುತ್ತಿದೆ ಎಂದರ್ಥ. ಆಗ ಮೆಮೊರಿ ಹೆಚ್ಚಿಸಬೇಕು. ಆದರೆ ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಬೇರೆ ಬೇರೆ ತಲೆಮಾರಿನ ಮೆಮೊರಿ ಪಟ್ಟಿಗಳಲ್ಲಿ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದು, ಒಂದನ್ನು ಇನ್ನೊಂದರ ಜಾಗಕ್ಕೆ ಒತ್ತಿ ಕೂರಿಸಲು ಯಾರೂ ಪ್ರಯತ್ನಿಸಬಾರದೆಂದೇ. ಇತ್ತೀಚಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥದನ್ನು ಕೊಳ್ಳುವ ದಿನವೇ ಮುಂದಿನ ಐದಾರು ವರ್ಷಗಳ ಅಗತ್ಯವನ್ನು ಊಹಿಸಿ ಕೊಳ್ಳಬೇಕು.

ಮೆಮೊರಿ ಎಂದಾಗ ಒಂದು ಮಾತು. 1981ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಸಿಂಕ್ಲೇರ್ ಝಡ್‌ಎಕ್ಸ್81 ಎಂಬ ಮನೆಬಳಕೆಯ ಕಂಪ್ಯೂಟರಿನಲ್ಲಿ ಇದ್ದುದು ಒಂದೇ ಕಿಲೋಬೈಟ್ ಮೆಮೊರಿ. ಅದಕ್ಕೆ 16 ಕಿಲೋಬೈಟಿನ ಒಂದು ಪೆಟ್ಟಿಗೆಯನ್ನು ಹಿಂಬದಿಯಿಂದ ಸಿಕ್ಕಿಸಬಹುದಾಗಿತ್ತು. ಕೀಲಿಗಳನ್ನು ಸ್ವಲ್ಪ ಜೋರಾಗಿ ಒತ್ತಿದರೆ ಆ ಪೆಟ್ಟಿಗೆ ಅಲುಗಿ, ಸಂಪರ್ಕ ಕಡಿದು, ಅದುವರೆಗೆ ಬೆರಳು ನೋಯಿಸಿಕೊಂಡು ಟೈಪ್ ಮಾಡಿದ್ದೆಲ್ಲ ಮಾಯವಾಗುತ್ತಿತ್ತು. ಜನ ಅದನ್ನು ಅಂಟುಮೇಣದಿಂದ ಮೆತ್ತಿ ನಿಲ್ಲಿಸುತ್ತಿದ್ದರು. ಮೆಮೊರಿ ಹದಿನಾರು ಪಟ್ಟಾಯಿತು, ಅಡಚಣೆ ಒಳಗಿನಿಂದ ಹೊರಗಿನ ಕೊಂಡಿಗೆ ಸ್ಥಳಾಂತರಗೊಂಡಿತು, ಅಷ್ಟೇ. ಯಾವ ಅಪ್‌ಗ್ರೇಡೂ ಅಡಚಣೆಯನ್ನು ಇಲ್ಲವಾಗಿಸುವುದಿಲ್ಲ; ಅದನ್ನು ಇನ್ನೊಂದು ಕಡೆಗೆ ಸಾಗಹಾಕುತ್ತದೆ.

ಅಡಚಣೆ ಯಂತ್ರದ ಒಳಗೇ ಇರಬೇಕೆಂದೂ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ತನ್ನ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಯಂತ್ರಗಳು ನಿಯಮದ ಕಾರಣದಿಂದ ಹಳತಾಗಿವೆ. ಅವುಗಳಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ತಂತ್ರಾಂಶವನ್ನು ಹಾಕಿಕೊಂಡು ಇನ್ನಷ್ಟು ವರ್ಷ ದುಡಿಸಿಕೊಳ್ಳಬಹುದು, ಓದು, ಬರಹ, ಪತ್ರವ್ಯವಹಾರಗಳಿಗೆ ಅದು ಧಾರಾಳವಾಗಿ ಸಾಕು. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿರುವುದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರನ್ನು ಒಮ್ಮೆ ನೋಡಿ ಎಂದು ನಾನು ಹಟ ಹಿಡಿಯುವುದು ಬರೀ ನಿಮ್ಮ ಜೇಬಿನ ಚಿಂತೆಯಿಂದಲ್ಲ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಹತ್ತು ನಿಮಿಷ ಎಂದಿದೆ. ಎರಡು ವಿಷಯಗಳು ಪೂರ್ತಿಯಾಗಿ ಹಾಗೆಯೇ ಉಳಿದಿವೆ.

ಹಿತವಾದ ತಿನಿಸಿನ ಬಗ್ಗೆ. ಮನಸ್ಸು ಕೆಟ್ಟಾಗ ನಾವು ಚಿಕ್ಕಂದಿನಿಂದ ಇಷ್ಟಪಟ್ಟ ಯಾವುದೋ ಒಂದನ್ನು ತಿನ್ನುತ್ತೇವೆ, ಸ್ವಲ್ಪ ಹೊತ್ತಿನಲ್ಲಿ ಮನಸ್ಸು ತಿಳಿಯಾಗುತ್ತದೆ, ತಿನಿಸಿನಿಂದಲೇ ಹಾಗಾಯಿತೆಂದು ನಂಬುತ್ತೇವೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮನಸ್ಸು ಕದಡುವ ಚಿತ್ರತುಣುಕುಗಳನ್ನು ತೋರಿಸಿದ ಮೇಲೆ ಕೆಲವು ಬಾರಿ ಅವರವರೇ ಹೆಸರಿಸಿದ ಹಿತವಾದ ತಿನಿಸನ್ನು ಕೊಟ್ಟರು, ಕೆಲವು ಬಾರಿ ಬೇರೆ ತಿನಿಸನ್ನು ಕೊಟ್ಟರು, ಕೆಲವು ಬಾರಿ ಏನನ್ನೂ ಕೊಡಲಿಲ್ಲ. ಮನಸ್ಸು ಎಲ್ಲ ಸಂದರ್ಭಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡಿತು. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ನಾಸಾ. ದೀರ್ಘ ಪ್ರಯಾಣದ ಗಗನಯಾತ್ರಿಗಳ ಊಟದ ಬಗ್ಗೆ ಅವರಿಗೆ ಕಾಳಜಿಯಿದೆ. ಇಲ್ಲಿ ಕೆಲಸ ಮಾಡಿದ್ದು ಕಳೆದುಹೋದ ಸಮಯ, ಹೊಗಳಿಕೆ ಸಿಕ್ಕಿದ್ದು ತಟ್ಟೆಗೆ. ನಮ್ಮ ಮೇಷ್ಟ್ರಾಗಿದ್ದರೆ ಚರಗಳನ್ನು ಬೇರ್ಪಡಿಸದೆ ಒಂದು ತುತ್ತನ್ನೂ ಬಾಯಿಗಿಡುತ್ತಿರಲಿಲ್ಲ. ಇಷ್ಟಾದರೂ ಆ ತಿನಿಸನ್ನು ಬಿಡಿ ಎಂದು ನಾನು ಹೇಳಲಾರೆ. ರುಚಿಗಾಗಿ ತಿನ್ನುವುದು ಒಂದು, ಔಷಧಿಯೆಂದು ತಿನ್ನುವುದು ಇನ್ನೊಂದು.

ಶಾಲೆಯ ಊಟದ ಇತಿಹಾಸಕ್ಕೆ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಮಕ್ಕಳಿಗೆ ಊಟ ಕೊಡಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ನೀಡಿದ ಬ್ರಿಟನ್ನಿನ 1906ರ ಕಾಯ್ದೆ, 1943ರಲ್ಲಿ ಕಾನೂನು ಮಾಡಿ 1948ರಿಂದ ಶಾಲಾಮಕ್ಕಳಿಗೆಲ್ಲ ಉಚಿತ ಊಟ ನೀಡಿದ ಫಿನ್ಲೆಂಡ್, ಇವೆಲ್ಲವನ್ನು ಹೆಸರಿಸಿ ಮಾತ್ರ ಮುಂದೆ ಹೋಗುತ್ತೇನೆ. ನನಗೆ ಮುಖ್ಯವಾದುದು ಒಂದೇ ಅಂಶ. ಮಕ್ಕಳು ತರಕಾರಿ ಬಿಟ್ಟೇಳುತ್ತಾರೆ ಎಂದಾಗಲೆಲ್ಲ ಚರ್ಚೆ ಅಡುಗೆಯ ಸುತ್ತ, ಅಡುಗೆಯವರ ಸುತ್ತ ತಿರುಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಡೆದ ಅಧ್ಯಯನವೊಂದು ಮಕ್ಕಳು ಕುಳಿತು ಉಣ್ಣಲು ಸಿಗುವ ಸಮಯವನ್ನು ಅಳೆಯಿತು. 20 ನಿಮಿಷಕ್ಕಿಂತ ಕಡಿಮೆ ಸಮಯ ಸಿಕ್ಕ ಮಕ್ಕಳು, ಕನಿಷ್ಠ 25 ನಿಮಿಷ ಸಿಕ್ಕವರಿಗಿಂತ ತರಕಾರಿಯನ್ನೂ ಮುಖ್ಯ ತಿನಿಸನ್ನೂ ಹಾಲನ್ನೂ ಕಡಿಮೆ ಸೇವಿಸಿದರು. ಗಂಟೆ ಬಾರಿಸಿ, ಸಾಲಿನಲ್ಲಿ ನಿಂತು, ಬಡಿಸಿಕೊಂಡು ಕೂರುವಷ್ಟರಲ್ಲಿ ಅರ್ಧ ಬಿಡುವು ಕಳೆದಿರುತ್ತದೆ. ಉಳಿದುದರಲ್ಲಿ ಮಗು ತನಗೆ ತೀರಾ ಇಷ್ಟವಾದುದನ್ನು ಮೊದಲು ಮುಗಿಸಿ ಎದ್ದೋಡುತ್ತದೆ, ಆಟ ಕಾಯುತ್ತಿರುತ್ತದೆ. ಆಟದ ಬಿಡುವನ್ನು ಊಟಕ್ಕಿಂತ ಮೊದಲು ಇಟ್ಟು ನೋಡಿದ ಶಾಲೆಗಳೂ ಇವೆ. ಅಮೆರಿಕದ ಯೂಟಾ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಹಾಗೆ ಮಾಡಿದಾಗ ಮಕ್ಕಳು ಹಣ್ಣು, ತರಕಾರಿ ತಿನ್ನುವುದು ಹೆಚ್ಚಾಯಿತು. ಅಡುಗೆಮನೆಯಲ್ಲಿ ಏನನ್ನೂ ಬದಲಾಯಿಸಬೇಕಾಗಲಿಲ್ಲ. ವೇಳಾಪಟ್ಟಿಯ ಎರಡು ಸಾಲುಗಳು ಜಾಗ ಬದಲಿಸಿಕೊಂಡವು. ಅಡುಗೆ ಕೆಟ್ಟಿರುವ ಶಾಲೆಗಳೇ ಇಲ್ಲವೆಂದಲ್ಲ. ಅಲ್ಲಿಯೂ ಗಡಿಯಾರ ಹಿಡಿದು ಒಂದು ಮಧ್ಯಾಹ್ನ ಮೂಲೆಯಲ್ಲಿ ನಿಂತು ನೋಡಿ, ಆಮೇಲೆ ಅಡುಗೆಯವರನ್ನು ಕರೆಸಿ ಎಂಬುದಷ್ಟೇ ನನ್ನ ಕೋರಿಕೆ.

ಎರಡನೆಯ ಚೀಟಿಯೂ ಬಂತು, ಇದರಲ್ಲಿ ನಿಮಿಷ ಬರೆದಿಲ್ಲ. ಪ್ರಶ್ನೆಗಳಿಗೆ ಸಮಯ ಬಿಡಬೇಕಾದ್ದರಿಂದ ಒಂದು ಕೆಲಸದ ಮಾತು ಹೇಳಿ ಕೂರುತ್ತೇನೆ. ಇವತ್ತು ರಾತ್ರಿಯೇ ಹಳೆಯ ಡಿಸ್ಕಿನಿಂದ ಹೊಸ ಎಸ್‌ಎಸ್‌ಡಿಗೆ ನಕಲು ಮಾಡುವ ಉತ್ಸಾಹದಲ್ಲಿ ಯಾರಾದರೂ ಇಲ್ಲಿಂದ ಹೊರಟರೆ, ಮೊದಲು ಫೋಟೋಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಕಡೆ ತೆಗೆದಿಟ್ಟುಕೊಳ್ಳಿ. ಬಳಲಿದ ಡಿಸ್ಕ್ ಇಂಥ ದೀರ್ಘ ನಕಲಿನ ನಡುವೆಯೇ ಪೂರ್ತಿ ಕೈಕೊಡಬಹುದು. ಪೆಟ್ಟಿಗೆ ಬಿಚ್ಚುವ ಮೊದಲು ವಿದ್ಯುತ್ ತಂತಿಯನ್ನು ಕಿತ್ತಿಡಿ, ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಇಳಿಯಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ನಮಸ್ಕಾರ.