ಆಯಸ್ಸು ಹೆಚ್ಚಿದರೆ ಪಿಂಚಣಿ ದೂರ ಸರಿಯಬೇಕೇ?

[ದೃಶ್ಯ: ಇಳಕಲ್‌ನ ಒಂದು ಓಣಿ. ಮೊದಲು ಮಗ್ಗದ ಸದ್ದು ಮಾತ್ರ, ಆಮೇಲೆ ಚಿತ್ರ.]

ನಮಸ್ಕಾರ. 2025ರ ಮೇ ತಿಂಗಳಲ್ಲಿ ಡೆನ್ಮಾರ್ಕ್ ಸಂಸತ್ತು ಒಂದು ಕಾನೂನಿಗೆ ಒಪ್ಪಿಗೆ ಕೊಟ್ಟಿತು. 1970ರ ನಂತರ ಹುಟ್ಟಿದವರಿಗೆ ಅಲ್ಲಿ ಸರ್ಕಾರದ ಪಿಂಚಣಿ ಸಿಗುವುದು 70 ತುಂಬಿದ ಮೇಲೆ. ಆಗ ಅಲ್ಲಿದ್ದ ವಯಸ್ಸು 67. ಇದು ಯಾವುದೋ ಮಂತ್ರಿಗೆ ರಾತ್ರೋರಾತ್ರಿ ಹೊಳೆದದ್ದಲ್ಲ. ಜನರ ಆಯಸ್ಸು ಏರಿದಂತೆ ಪಿಂಚಣಿಯ ವಯಸ್ಸೂ ಏರಲಿ ಎಂದು ಅಲ್ಲಿನ ಪಕ್ಷಗಳು 2006ರಲ್ಲೇ ಕೂತು ಒಪ್ಪಿಕೊಂಡಿದ್ದವು. ಐದು ವರ್ಷಕ್ಕೊಮ್ಮೆ ಲೆಕ್ಕ ನೋಡುತ್ತಾರೆ. ಏರಿಸುವುದಾದರೆ ಹದಿನೈದು ವರ್ಷ ಮೊದಲೇ ತಿಳಿಸುತ್ತಾರೆ.

ನೆದರ್‌ಲ್ಯಾಂಡ್ಸ್ ಸ್ವಲ್ಪ ಉದಾರಿ. ಆಯಸ್ಸು ಒಂದು ವರ್ಷ ಹೆಚ್ಚಿದರೆ ದುಡಿಮೆಗೆ ಎಂಟು ತಿಂಗಳು, ವಿಶ್ರಾಂತಿಗೆ ನಾಲ್ಕು.

ಇಂದು ದುಡಿಯುವವರ ತೆರಿಗೆಯಿಂದಲೇ ಇಂದಿನ ಮುದುಕರಿಗೆ ಪಿಂಚಣಿ ಹೋಗುವಾಗ, ಇಂಥದ್ದೊಂದು ಲೆಕ್ಕ ಬೇಕೇ ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರ ಆಯಸ್ಸು?

[ದೃಶ್ಯ: ಎರಡು ಅಂಕಿಗಳು, 32 ಮತ್ತು 70.]

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32. ಈಗ ಸುಮಾರು 70. ಹಾಗೆಂದು ಆಗಿನವರೆಲ್ಲ ಮೂವತ್ತೆರಡಕ್ಕೇ ಮುದುಕರಾಗುತ್ತಿರಲಿಲ್ಲ. ಹಸುಗೂಸುಗಳು ಸಾಯುತ್ತಿದ್ದವು, ಸರಾಸರಿ ಕುಸಿಯುತ್ತಿತ್ತು. ಪಿಂಚಣಿಗೆ ಬೇಕಾದದ್ದು ಬೇರೆ ಅಂಕಿ: 60 ತುಂಬಿದವರು ಇನ್ನೆಷ್ಟು ವರ್ಷ ಬದುಕುತ್ತಾರೆ? ಡೆನ್ಮಾರ್ಕ್ ನೋಡುವುದು ಅದನ್ನೇ. ನಮ್ಮ ದೇಶದಲ್ಲಿ ಅದು ಸುಮಾರು 18 ವರ್ಷ.

[ದೃಶ್ಯ: ಕುಣಿಮಗ್ಗ, ಹತ್ತಿರದಿಂದ. ಕಾಲು, ಕೈ, ಕಣ್ಣು.]

ಈಗ ಈ ಮಗ್ಗ ನೋಡಿ. ನೇಕಾರರು ಕುಣಿಯ ಅಂಚಿಗೆ ಕೂತಿದ್ದಾರೆ, ಕಾಲು ಕೆಳಗೆ ತುಳಿಯುತ್ತಿದೆ, ಕೈ ಹಗ್ಗ ಜಗ್ಗಿದಂತೆ ಲಾಳಿ ಓಡುತ್ತಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಬೇಕು. ಕಣ್ಣು ಮಂಜಾದವರಿಗೆ ಆಗುವ ಕೆಲಸವಲ್ಲ. ಇಂಥ ದುಡಿಮೆಯಲ್ಲಿ ಆಯಸ್ಸು ಮುಗಿಯುವ ಎಷ್ಟೋ ಮೊದಲೇ ಮಂಡಿ, ಸೊಂಟ, ಕಣ್ಣು ನಿವೃತ್ತಿ ಪಡೆದಿರುತ್ತವೆ. ಸರಾಸರಿಯನ್ನು ಮೇಲೆತ್ತುವವರು ಒಬ್ಬರು, ಅದಕ್ಕಾಗಿ ಮೂರು ವರ್ಷ ಹೆಚ್ಚು ಕಾಯುವವರು ಇನ್ನೊಬ್ಬರು.

ಡೆನ್ಮಾರ್ಕ್‌ಗೂ ಇದು ಗೊತ್ತಾಯಿತು. ಚಿಕ್ಕಂದಿನಿಂದ ದುಡಿದವರಿಗೆಂದು 2022ರಿಂದ ಬೇರೆ ದಾರಿ ತೆರೆದರು. 61ನೆಯ ವಯಸ್ಸಿಗೆ 42 ವರ್ಷದ ದುಡಿಮೆ ತೋರಿಸಿದರೆ ಒಂದು ವರ್ಷ ಮೊದಲೇ ಬಿಡುವು, 44 ವರ್ಷ ತೋರಿಸಿದರೆ ಮೂರು ವರ್ಷ ಮೊದಲು. ಒಂದು ಬಿಯರ್ ಕಾರ್ಖಾನೆಯ ಕೆಲಸಗಾರನ ಹೆಸರಿನಿಂದ ಜನ ಅದನ್ನು ‘ಆರ್ನೆ ಪಿಂಚಣಿ’ ಎನ್ನುತ್ತಾರೆ.

ಆದರೆ ‘ತೋರಿಸಿದರೆ’ ಎಂಬಲ್ಲೇ ನಮ್ಮ ಗಾಡಿ ಹೂತುಕೊಳ್ಳುತ್ತದೆ. ಹತ್ತು ಹನ್ನೆರಡರ ವಯಸ್ಸಿಗೆ ಅಪ್ಪನ ಪಕ್ಕ ಕಂಡಿಕೆ ಸುತ್ತಲು ಕೂತವನ ದುಡಿಮೆ ಯಾವ ದಾಖಲೆಯಲ್ಲಿದೆ? ದುಡಿಮೆ ಇರಲಿ, ವಯಸ್ಸಾದರೂ ಖಾತ್ರಿಯೇ? ಹಿಂದೆ ಬಲಗೈ ತಲೆಯ ಮೇಲಿಂದ ಬಂದು ಎಡಗಿವಿಗೆ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತೆಂದು ಲೆಕ್ಕ. ಮಾಸ್ತರರು ಜೂನ್ 1 ಎಂದು ಬರೆದರೆ ಅದೇ ಜನ್ಮದಿನ. ನಮ್ಮ ಕಡೆ ಜೂನ್ ಒಂದಕ್ಕೆ ಹುಟ್ಟಿದವರು ಎಷ್ಟು ಮಂದಿಯೆಂದು ಮನೆಯಲ್ಲೇ ಕೇಳಿ ನೋಡಿ! ತಿಂಗಳುಗಳ ಲೆಕ್ಕದಲ್ಲಿ ಪಿಂಚಣಿ ಸರಿಸುವ ಸೂತ್ರವನ್ನು ಇಂಥ ವಯಸ್ಸಿನ ಮೇಲೆ ಹೇರುವುದು ನನಗಂತೂ ಸರಿ ಕಾಣುವುದಿಲ್ಲ.

ಸದ್ಯಕ್ಕೆ ಇಲ್ಲಿ ಅಂಥ ಸೂತ್ರವಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ 60ಕ್ಕೆ ನಿವೃತ್ತಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ 60ರಿಂದ, ಸಂಧ್ಯಾ ಸುರಕ್ಷಾ 65ರಿಂದ. ಸಂಧ್ಯಾ ಸುರಕ್ಷಾ ಶುರುವಾದದ್ದು 2007ರಲ್ಲಿ, 2021ರಿಂದ ತಿಂಗಳಿಗೆ 1,200 ರೂಪಾಯಿ. ಇಲ್ಲಿ ವಯಸ್ಸಿನಷ್ಟೇ ಈ ಮೊತ್ತವೂ ಚರ್ಚೆಯಾಗಬೇಕು. ಬೆಲೆ ಏರಿದಂತೆ ತಾನಾಗಿ ಏರುವ ಸೂತ್ರ ಅದಕ್ಕಿಲ್ಲ.

[ದೃಶ್ಯ: ನಾಡಕಚೇರಿಯ ಮುಂದಿನ ಸರದಿ.]

ಮನೆಯಲ್ಲಿ 60ರ ಹತ್ತಿರ ಬಂದವರಿದ್ದರೆ ಅವರ ಆಧಾರ್, ಪಡಿತರ ಚೀಟಿ ಮತ್ತು ಶಾಲೆಯ ದಾಖಲೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಪಿಂಚಣಿಗೆ ಅರ್ಜಿ ಹಾಕುವುದು ನಾಡಕಚೇರಿಯಲ್ಲಿ.