ಮಂಡಿಯೊಳಗಿನ ಕೀಲೆಣ್ಣೆ

ಕೇಳುಗರಿಗೆಲ್ಲ ನಮಸ್ಕಾರ. ತುಮಕೂರಿನ ನನ್ನ ಕ್ಲಿನಿಕ್ಕಿಗೆ ಬರುವ ಹಿರಿಯರು ಕೂರುವ ಮುಂಚೆಯೇ ಹೇಳುವ ಮಾತೊಂದಿದೆ: "ಡಾಕ್ಟ್ರೇ, ಮಂಡೀಲಿ ಎಣ್ಣೆ ಬತ್ತೋಗಿದೆ." ಎಣ್ಣೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

ನಮ್ಮದು ಚಿಕ್ಕನಾಯಕನಹಳ್ಳಿ ಕಡೆ. ತಾತ ಕೊಬ್ಬರಿ ಮೂಟೆ ಹೇರಿ ತಿಪಟೂರಿಗೆ ಗಾಡಿ ಕಟ್ಟಿದಾಗೆಲ್ಲ ನಾನೂ ಹತ್ತಿಕೊಳ್ಳುತ್ತಿದ್ದೆ. ಹೊರಡುವ ಮುಂಚೆ ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುವುದು ನನ್ನ ಪಾಲಿನ ಕೆಲಸ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಜಿಡ್ಡು ಅದು. ಅಂಗಿಗೆ ಹತ್ತಿದರೆ ಅವ್ವನ ಕೈಲಿ ಒದೆ ಗ್ಯಾರಂಟಿ. ಒಂದು ಸಲ ಆಟದ ಗುಂಗಿನಲ್ಲಿ ಮರೆತೆ. ಊರು ದಾಟುವಷ್ಟರಲ್ಲಿ ಗಾಲಿ ಕಿರ್ರೋ ಅಂತ ಅಳತೊಡಗಿತು. ಇಳಿದು ಅಚ್ಚು ಮುಟ್ಟಿದರೆ ಬೆರಳು ಚುರ್ ಅಂತು. ತಾತ ಬೈಯಲಿಲ್ಲ. ಗಾಡಿಯಡಿ ನೇತಾಡುತ್ತಿದ್ದ ಬಿದಿರಿನ ಗೊಟ್ಟ ತೋರಿಸಿ, "ಎಣ್ಣೆ ಇಲ್ಲೇ ಐತಲ್ಲೋ, ಗೊಟ್ಟದಾಗಿದ್ರೆ ಅಚ್ಚಿಗೇನು ಬಂತು?" ಅಂದರು.

ನಿಮ್ಮ ಮಂಡಿಯಲ್ಲೂ ಕೀಲೆಣ್ಣೆ ಇದೆ. ಚೆನ್ನಾಗಿರುವ ಮಂಡಿಯಲ್ಲಿ ಹೆಚ್ಚೆಂದರೆ 4 ಮಿಲಿಲೀಟರ್, ಒಂದು ಟೀ ಚಮಚವೂ ತುಂಬದು. ಮೊಟ್ಟೆಯ ಬಿಳಿಯಂಥ ಲೋಳೆ. ಹಯಲುರಾನಿಕ್ ಆಮ್ಲ ಅದಕ್ಕೆ ಮಂದ ಕೊಡುತ್ತದೆ. ಲೂಬ್ರಿಸಿನ್ ಎಂಬ ಪ್ರೋಟೀನು ಮೂಳೆತುದಿಯ ಮೃದ್ವಸ್ಥಿಗೆ, ಅಂದರೆ ಅಲ್ಲಿನ ನುಣುಪಾದ ಮೆತ್ತೆಗೆ, ಅಂಟಿ ಕೂತು ಜಾರಿಸುತ್ತದೆ. ಎರಡನ್ನೂ ಕೀಲೇ ತಯಾರಿಸಿಕೊಳ್ಳುತ್ತದೆ. ನಿಮ್ಮ ಕೆಲಸ ಒಂದೇ, ಆಡಿಸುವುದು.

ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಸಾಂಬಾರಿನಲ್ಲಿ ನೆನೆದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನೆನೆಸಿಕೊಳ್ಳಿ: ಒತ್ತಿದರೆ ಬಿಡುತ್ತದೆ, ಕೈ ತೆಗೆದರೆ ಹೀರುತ್ತದೆ. ಹೆಜ್ಜೆ ಇಟ್ಟಾಗ, ಎತ್ತಿದಾಗ ಮಂಡಿಯೊಳಗೆ ನಡೆಯುವುದೂ ಅದೇ. ಅದಕ್ಕೆ ಊಟ ಸಿಗುವುದೂ ಹಾಗೆಯೇ. ಆಡಿಸದಿದ್ದರೆ ಉಪವಾಸ.

ಇನ್ನು ಸಂಧಿವಾತ. ಎಣ್ಣೆ ಬತ್ತುವುದಿಲ್ಲ ಸ್ವಾಮಿ, ತೆಳ್ಳಗಾಗುತ್ತದೆ! ಊದಿದ ಮಂಡಿಯಿಂದ ಸಿರಿಂಜು ತುಂಬ ತೆಗೆದಿದ್ದೇನೆ. ಒಳ್ಳೆಯ ದ್ರವ ಸೂಜಿ ತುದಿಯಿಂದ ಎಳೆಯಾಗಿ ಇಳಿಯುತ್ತದೆ. ಬಾವು ಬಂದ ಕೀಲಿನದು ನೀರುಮಜ್ಜಿಗೆಯ ಹಾಗೆ ತೊಟತೊಟ ಬೀಳುತ್ತದೆ. ಹಯಲುರಾನಿಕ್‌ನ ಉದ್ದನೆಯ ಸರಪಣಿಗಳು ತುಂಡಾಗಿರುತ್ತವೆ, ಅದಕ್ಕೇ ಜಾರು ಕಮ್ಮಿ, ಸವೆತ ಜಾಸ್ತಿ. ಮೇಲಿಂದ ಎಷ್ಟು ಎಣ್ಣೆ ತಿಕ್ಕಿದರೂ ಒಳಗಿನ ಎಣ್ಣೆ ಹೆಚ್ಚುವುದಿಲ್ಲ. ತಿಕ್ಕಿಸಿಕೊಂಡರೆ ಹಿತ, ಅಷ್ಟೇ. ಮಂಡಿಯೊಳಕ್ಕೇ ಹಯಲುರಾನಿಕ್ ತುಂಬುವ ಇಂಜೆಕ್ಷನ್ ಕೇಳುತ್ತೀರಿ. ಕೆಲವರಿಗೆ ಕೆಲಕಾಲ ಆರಾಮ ಸಿಗಬಹುದು. ಹಾಕಿಸಿಕೊಂಡು ಮಂಚ ಹಿಡಿದರೆ ಅದೂ ಗೊಟ್ಟದ ಎಣ್ಣೆಯೇ.

ಸಮಯವಾಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ: ಬೆಳಗ್ಗೆ ಗಂಟೆ ಕಳೆದರೂ ಬಿಗಿತ ಬಿಡದಿದ್ದರೆ ಅದು ಬರೀ ಸವೆತವಲ್ಲದೆ ಆಮವಾತವೂ, ಅಂದರೆ ದೇಹದ ರಕ್ಷಣಾ ಪಡೆಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆಯೂ, ಇರಬಹುದು, ತೋರಿಸಿ. ಮಂಡಿ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಳಿದವರು ಈಗ ಕುರ್ಚಿಯಲ್ಲಿ ಕೂತಿದ್ದೀರಲ್ಲ, ರೇಡಿಯೊ ಆರಿಸುವ ಮುಂಚೆ ಕಾಲು ನೀಡಿ, ಮಡಿಸಿ. ಹತ್ತು ಸಲ. ನಮಸ್ಕಾರ.